ಎರಡರಿಂದ ನಾಲ್ಕರವರೆಗೆ ಮಲಗಿರುತ್ತೇವೆ

ಮಾರ್ಚ್ ೪

ಅದೂ ಸಾಲದು ಅಂತ ಬಸ್ಸು ಬೇರೆ ಕೈಕೊಡ್ತು ಅತ್ತೆ. ನೆಂದ ಬೂಟಲ್ಲೇ ನಡ್ಕೊಂಡು ಬಂದೆ. ಬಂದು ನೋಡಿದ್ರೆ ಲಿಫ್ಟ್ ಕೆಟ್ಟಿದೆ, ಊಟ ತಣ್ಣಗಾಗಿದೆ, ಮೇಲಿನ ಮನೆಯವನು ಕುರ್ಚಿ ಎಳೆಯೋಕೆ ಶುರು ಮಾಡಿದ್ದಾನೆ. ಅದೇನು ಕುರ್ಚಿನೋ, ಎಷ್ಟು ಎಳೆದ್ರೂ ಅವನಿಗೆ ಸರಿಯಾದ ಜಾಗ ಸಿಗ್ತಾ ಇಲ್ಲ. ನನ್ನ ಹಾಗೇ. ಈ ಪರದೇಶದಲ್ಲಿ ಬೆಳಿಗ್ಗೆಯಿಂದ ನಮ್ಮ ಭಾಷೇಲಿ ಒಂದು ಮಾತು ಆಡಿಲ್ಲ, ಬಾಯಿ ತುಕ್ಕು ಹಿಡಿದುಬಿಟ್ಟಿದೆ. ಅದಕ್ಕೇ ದೀಪ ಆರಿಸಿ, ಫೋನ್ ಎದೆ ಮೇಲಿಟ್ಕೊಂಡು ಮಾತಾಡ್ತಾ ಇದ್ದೀನಿ. ನಾನು ಹೇಳ್ತೀನಿ, ಇದು ಬರ್ಕೊಳ್ಳುತ್ತೆ. ತಪ್ಪು ಬರ್ಕೊಂಡಿದ್ರೆ ಅದಕ್ಕೆ ಬೈಯಿ, ನನಗಲ್ಲ.

"ಅಷ್ಟು ದೂರ ಹೋಗಿ ಆಫೀಸಲ್ಲಿ ಏನೇ ಕಡಿದು ಗುಡ್ಡೆ ಹಾಕ್ತೀಯ" ಅಂತ ಕೇಳಿದ್ಯಲ್ಲ. ಹೇಳ್ತೀನಿ. ಯಾರಿಗೋ ಹಲ್ಲು ನೋಯುತ್ತೆ ಅಂತಿಟ್ಕೋ. ಫೋನ್ ತೆಗೆದು ಹುಡುಕ್ತಾರೆ. ಹತ್ತಾರು ಡಾಕ್ಟರ ಹೆಸರು ಬರುತ್ತೆ. ನಮಗೆ ದುಡ್ಡು ಕೊಟ್ಟ ಡಾಕ್ಟರ ಹೆಸರು ಮೇಲೆ ಬರೋ ಹಾಗೆ ಪುಟ ಬರೆಯೋದು ನನ್ನ ಕೆಲಸ. ಅಷ್ಟೇ. ಜನ ಏನೇನು ಹುಡುಕ್ತಾರೆ ಅಂತ ನಮಗೆ ಕಾಣ್ಸುತ್ತೆ. "ಮಗು ನಿದ್ದೇಲಿ ಯಾಕೆ ನಗುತ್ತೆ." "ಕೀ ಇಲ್ದೆ ಬೀಗ ತೆಗೆಯೋದು ಹೇಗೆ." "ಬಿಟ್ಟು ಹೋದ ನಾಯಿ ವಾಪಸ್ ಬರುತ್ತಾ." ಓದ್ತಾ ಓದ್ತಾ ಊರಿಗೂರೇ ನಿದ್ದೇಲಿ ಕನವರಿಸ್ತಾ ಇದೆ, ನಾನೊಬ್ಬಳೇ ಎದ್ದು ಕೇಳಿಸ್ಕೋತಾ ಇದ್ದೀನಿ ಅನ್ಸುತ್ತೆ.

ನಿನ್ನ ಮಾತು ತಲೇಲಿ ಕೊರೀತಾ ಇದೆ. ಪಕ್ಕದಲ್ಲಿ ಸ್ಪಂಜಿನ ಹಾಸಿಗೆ ಶೋರೂಮ್ ಬಂದಮೇಲೆ ಹಳೇ ಹಾಸಿಗೆ ಬಿಚ್ಚಿಸಿ ತುಂಬಿಸೋರೇ ಇಲ್ಲ ಅಂದೆ. ಚಳಿ ಶುರುವಾಗೋದ್ರೊಳಗೆ ಗಿರಾಕಿ ಬರದಿದ್ರೆ ಅಂಗಡಿ ಮುಚ್ಚಿ ಅವರ ಶೋರೂಮಲ್ಲೇ ದಿಂಬಿನ ಕವರ್ ಹೊಲಿಯೋಕೆ ಹೋಗ್ತೀನಿ ಅಂದೆ. ಮಾವ ಏನಂದ್ರು? ಅವರು ಹತ್ತಿ ಹಿಂಜೋದು, ಬಿಸಿಲಲ್ಲಿ ಅದರ ಎಳೆ ತೇಲೋದು, ನೀನು ಆ ಉದ್ದ ಸೂಜಿ ಹಿಡ್ಕೊಂಡು ಹಾಸಿಗೆಯೊಳಗೇ ಅರ್ಧ ಮುಳುಗಿರೋದು... ನಾನು ಬೆಳೆದಿದ್ದೇ ಅಲ್ಲಿ, ಹತ್ತಿ ಮೂಟೆ ಮೇಲೆ. ನಿಮ್ಮ ಅಂಗಡಿಗೂ ಒಂದು ಪುಟ ನಾನೇ ಮಾಡಿಕೊಡ್ತೀನಿ. ಹುಡುಕಿದೋರಿಗೆ ಸಿಗೋ ಹಾಗೆ. ಬೇಡ ಅನ್ನಬೇಡ. ಈಗಲೇ ಒಂದಿಷ್ಟು ಬರೆದು ಕಳಿಸ್ತೀನಿ, ನೋಡು.

ನಿದ್ದೆ ಬರದ ನಿನ್ನ ಗೂಬೆ


ಮಾರ್ಚ್ ೯

ಗೂಬೆ,

ಬೂಟೊಳಗೆ ಹಳೇ ಪೇಪರ್ ತುರುಕಿಡು, ಒಣಗುತ್ತೆ.

ನಿನ್ನ ಮಾವ ಏನೂ ಅನ್ನಲಿಲ್ಲ. ಹಿಂಜಿದ್ರು. ಸಿಟ್ಟು ಬಂದ್ರೂ ಹಿಂಜ್ತಾರೆ, ಬರದಿದ್ರೂ ಹಿಂಜ್ತಾರೆ. ಮೂವತ್ತು ವರ್ಷದಿಂದ ನೋಡ್ತಿದ್ದೀನಿ, ವ್ಯತ್ಯಾಸ ಗೊತ್ತಾಗಿಲ್ಲ.

ನೀನು ಬರೆದಿದ್ದು ಓದಿದೆ. ಅತ್ಯುತ್ತಮ ಹಾಸಿಗೆ, ಅಗ್ಗದ ಹಾಸಿಗೆ, ಹತ್ತಿರದ ಹಾಸಿಗೆ, ಶ್ರೇಷ್ಠ ಗುಣಮಟ್ಟದ ಹಾಸಿಗೆ. ಮೂರು ಸಾಲಲ್ಲಿ ಎಷ್ಟು ಹಾಸಿಗೆ ಹಾಸಿದ್ದೀಯೇ? ಮನೆಗೆ ನೆಂಟರ ದಂಡು ಬಂದ ಹಾಗಿದೆ. ಯಾವ ಗಿರಾಕಿನೂ ಹಾಗೆ ಮಾತಾಡಲ್ಲ. ಬಾಗಿಲಲ್ಲಿ ನಿಂತು ಮೊದಲು ಸೊಂಟದ ಮೇಲೆ ಕೈ ಇಟ್ಕೋತಾರೆ. ಆಮೇಲೆ ಬಾಯಿ ಬಿಡ್ತಾರೆ. ಮತ್ತೆ ಆ ಮೋಡದ ಮೇಲೆ ಮಲಗಿರೋ ಹೆಂಗಸಿನ ಫೋಟೋ ಯಾರದು? ನಮ್ಮ ಅಂಗಡೀಲಿ ಮೋಡ ಇಲ್ಲ, ಆ ಹೆಂಗಸೂ ಇಲ್ಲ. ತೆಗಿ.

ಇನ್ನೊಂದು. ಎರಡರಿಂದ ನಾಲ್ಕರವರೆಗೆ ನಿನ್ನ ಮಾವ ಮಲಗಿರ್ತಾರೆ, ಅದನ್ನ ಸರಿಯಾಗಿ ಹಾಕು. ಹೊಸದಾಗಿ ತುಂಬಿದ ಹಾಸಿಗೆ ಮೇಲೆ ಒಗೆದ ಬಟ್ಟೆ ಹಾಸಿ, ಒಂದು ಮಧ್ಯಾಹ್ನ ಮಲಗಿ ಎದ್ದು, ಎಲ್ಲಿ ಗಂಟು ಎಲ್ಲಿ ಹಳ್ಳ ಅಂತ ಹೇಳದೆ ಅವರು ಯಾವ ಹಾಸಿಗೇನೂ ಹೊರಗೆ ಬಿಟ್ಟವರಲ್ಲ. ಅವರಪ್ಪನೂ ಹಾಗೇ. ಆ ಹೊತ್ತಲ್ಲಿ ನಾನು ಬಾಗಿಲು ಮುಂದಕ್ಕೆ ಎಳೆದಿರ್ತೀನಿ.

ಅತ್ತೆ


ಮಾರ್ಚ್ ೨೦

ಅತ್ತೆ, ಬೈದಿದ್ದಕ್ಕೆ ಸಂತೋಷ ಆಯ್ತು ಅಂದ್ರೆ ನಂಬಲ್ಲ ನೀನು. ಇಲ್ಲಿ ಯಾರೂ ಬೈಯೋದೇ ಇಲ್ಲ. ನಯವಾಗಿ ನಕ್ಕು ಬಾಗಿಲ ಕಡೆ ಕೈ ತೋರಿಸ್ತಾರೆ.

ನೀನು ಹೇಳಿದ್ದೇ ಸರಿ. ಒಂದೇ ಮಾತನ್ನ ಹಿಂಡಿ ಹಿಂಡಿ ಬರೆದ್ರೆ ಓದೋರಿಗೂ ವಾಕರಿಕೆ, ಹುಡುಕಿ ಕೊಡೋ ಯಂತ್ರಕ್ಕೂ ಇತ್ತೀಚೆಗೆ ಅದು ಗೊತ್ತಾಗುತ್ತೆ. ಅಳಿಸಿದೆ. ಮೋಡದ ಹೆಂಗಸನ್ನೂ ಕಳಿಸಿಬಿಟ್ಟೆ. ನಿನ್ನ ಮೇಜು, ಸೂಜಿ, ಮಾವನ ಕೈ, ಇವನ್ನೇ ಬಿಸಿಲಲ್ಲಿಟ್ಟು ಫೋಟೋ ತೆಗೆದು ಕಳಿಸು. ಮತ್ತೆ ನನಗೋಸ್ಕರ ಒಂದು ಕೆಲಸ ಮಾಡು. ಬಾಗಿಲಲ್ಲಿ ನಿಂತೋರು ಸೊಂಟದ ಮೇಲೆ ಕೈ ಇಟ್ಕೊಂಡಮೇಲೆ ಮೊದಲು ಏನಂತಾರೆ, ಅದನ್ನ ಹಾಗೆಹಾಗೇ ನೆನಪಿಟ್ಕೊಂಡು ನನಗೆ ಹೇಳು. ಅಂಥದ್ದೇ ಮಾತನ್ನ ಅವರು ಮನೇಲಿ ಫೋನಿಗೂ ಹೇಳಿರ್ತಾರೆ.

ಹೊತ್ತಿನ ವಿಷಯ ಮಾತ್ರ ನಾನು ಸ್ವಲ್ಪ ಬದಲಾಯಿಸಿದ್ದೀನಿ. ಮುಚ್ಚಿದೆ ಅಂತ ಹಾಕಿದ್ರೆ ಆ ಹೊತ್ತಲ್ಲಿ ಹುಡುಕೋರು ಪಕ್ಕದ ಶೋರೂಮಿಗೆ ಹೋಗಿಬಿಡ್ತಾರೆ ಅಂತ ನಮ್ಮ ಮ್ಯಾನೇಜರ್ ಅಂದ. ಅದಕ್ಕೇ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟು, ಪೂರ್ತಿ ತೆರೆದಿದೆ ಅಂತ ಹಾಕಿದೆ. ಹೇಗೂ ನೀನು ಎದ್ದೇ ಇರ್ತೀಯ. ಯಾರಾದ್ರೂ ಬಂದ್ರೆ ಸದ್ದಿಲ್ದೆ ಬಾಗಿಲು ತೆಗೀತೀಯ, ಅಲ್ವಾ?

ನಿನ್ನ ಗೂಬೆ


ಏಪ್ರಿಲ್ ೧೧

ಗೂಬೆ,

ಮೊದಲ ಮಾತುಗಳು ಕೇಳಿದ್ಯಲ್ಲ, ತಗೋ.

"ಬೆಳಿಗ್ಗೆ ಎದ್ರೆ ಮಲಗಿದ್ದಕ್ಕಿಂತ ಜಾಸ್ತಿ ಸುಸ್ತು."

"ನಮ್ಮಮ್ಮನ ಹಾಸಿಗೆ ಇದು. ಎಸೆಯೋಕೆ ಮನಸ್ಸಿಲ್ಲ, ಮಲಗೋಕೆ ಆಗಲ್ಲ."

"ಒದ್ದೆ ಆಗಿತ್ತು, ಒಣಗಿದೆ, ಆದ್ರೆ ಕಲ್ಲು ಕಲ್ಲು."

ಒಂದು ಗಂಡ ಹೆಂಡತಿ ಬಂದಿದ್ರು. ಅವಳಂತಾಳೆ, "ಮಧ್ಯದಲ್ಲಿ ಹಳ್ಳ ಬಿದ್ದಿದೆ. ಎಲ್ಲಿ ಮಲಗಿದ್ರೂ ರಾತ್ರಿ ಇಬ್ರೂ ಉರುಳ್ಕೊಂಡು ಅಲ್ಲೇ ಸೇರ್ತೀವಿ. ಮಾತು ಬಿಟ್ಟಿರೋವಾಗ ಬಹಳ ಕಷ್ಟ." ನಿನ್ನ ಮಾವ ಹಿಂಜೋದು ನಿಲ್ಲಿಸಿ, "ಹಾಗಾದ್ರೆ ಸ್ವಲ್ಪ ಹಳ್ಳ ಉಳಿಸ್ಲಾ?" ಅಂದ್ರು. ಗಂಡ ತಲೆ ಆಡಿಸ್ದ. ಅವಳು ಬೇಡ ಅಂದ್ಲು. ಆದ್ರೆ ನಗ್ತಾ ಅಂದ್ಲು.

ಸ್ಪಂಜಿನ ಹಾಸಿಗೆ ತಂದೋರನ್ನ ವಾಪಸ್ ಕಳಿಸಿದೆ. ಅದು ನಮ್ಮ ಕೈಲಾಗಲ್ಲ ಅಂತಾನೂ ಬರಿ. ಸುಮ್ಮನೆ ಹೊತ್ಕೊಂಡು ಬರ್ತಾರೆ ಪಾಪ.

ಅತ್ತೆ


ಏಪ್ರಿಲ್ ೧೬

ಅತ್ತೆ, ಮ್ಯಾನೇಜರ್ ಇವತ್ತು ಎಲ್ಲರ ಮುಂದೆ ನನ್ನ ಹೆಸರನ್ನ ನಾಲ್ಕನೇ ಸಲ ತಪ್ಪು ಕರೆದ, ನಾನೂ ಓಗೊಟ್ಟೆ. ಹೋಗ್ಲಿ ಬಿಡು.

ನಿನ್ನ ಗಿರಾಕಿಗಳ ಮಾತೆಲ್ಲ ಪುಟಕ್ಕೆ ಹಾಕಿದೆ. ಅವರು ಅಂದಿದ್ದೇ ತಲೆಬರಹ, ಅದರ ಕೆಳಗೆ ನಿನ್ನ ಉತ್ತರ. "ಅಮ್ಮನ ಹಾಸಿಗೆ, ಎಸೆಯೋಕೆ ಮನಸ್ಸಿಲ್ಲ" ಅನ್ನೋದರ ಕೆಳಗೆ ಹಳೇ ಹತ್ತಿ ಎಷ್ಟು ಉಳಿಯುತ್ತೆ, ಹೊಸದು ಎಷ್ಟು ಸೇರಿಸಬೇಕು, ಎಷ್ಟು ದಿನ ಹಿಡಿಯುತ್ತೆ, ಎಲ್ಲ ಇದೆ. ಸ್ಪಂಜು ಆಗಲ್ಲ ಅಂತ ಮೇಲೇ ಹಾಕಿದ್ದೀನಿ. ಅಂಗಡಿ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲ ಕಡೆ ಒಂದೇ ಥರ ಮಾಡಿದೆ. ಒಂದು ಕಡೆ ನಿಮ್ಮನ್ನ ಮೊಟ್ಟೆ ಅಂಗಡಿ ಅಂತ ಸೇರಿಸಿಬಿಟ್ಟಿದ್ರು. ಇದೆಲ್ಲ ನಾಳೆ ಬೆಳಿಗ್ಗೆ ಫಲ ಕೊಡಲ್ಲ, ತಿಂಗಳುಗಟ್ಟಲೆ ಕಾಯಬೇಕು. ವಾರದಲ್ಲಿ ಮೇಲೆ ತರ್ತೀನಿ ಅಂತ ಯಾರಾದ್ರೂ ಫೋನ್ ಮಾಡಿದ್ರೆ ಇಟ್ಟುಬಿಡು. ನಮ್ಮ ಆಫೀಸಿಂದಲೇ ಮಾಡಿದ್ರೂ ಇಡು.

ನಿನ್ನೆ ಅರೆನಿದ್ದೇಲಿ ಆ ಗಂಡ ಹೆಂಡತಿ ಬಂದಿದ್ರು. ನಾನೂ ಒಂದು ಹಳ್ಳದ ಕಡೆ ಉರುಳ್ತಾ ಇದ್ದೆ. ಹಳ್ಳದ ತಳದಲ್ಲಿ ನಿಮ್ಮ ಅಂಗಡಿ ದೀಪ. ಉರುಳ್ತಾನೇ ಇದ್ದೆ, ಮುಟ್ಟಲೇ ಇಲ್ಲ.

ಗೂಬೆ


ಜೂನ್ ೨

ಗೂಬೆ,

ನಿನ್ನ ಮಾವನ ಫೋಟೋ ನೋಡಿದ್ಯಾ? ಊರೆಲ್ಲ ನೋಡಿದೆ.

ನಾನು ದಾರದ ಉಂಡೆ ತರೋಕೆ ಹೋಗಿದ್ದೆ. ಮೂರು ಗಂಟೆ ಇರಬೇಕು. ಆಸ್ಪತ್ರೆ ನರ್ಸ್ ಒಬ್ಬಳು, ಹಾಸಿಗೆ ಕೊಟ್ಟಿದ್ದೋಳು, ರಾತ್ರಿ ಪಾಳಿ ಮುಗಿಸಿ, ಅದರ ಮೇಲೆ ಬೆಳಿಗ್ಗೆ ಪಾಳಿನೂ ಮಾಡಿ ನೇರ ಬಂದಿದ್ದಾಳೆ. ತೆರೆದಿದೆ ಅಂತ ನಿನ್ನ ಪುಟ ಹೇಳಿತ್ತಲ್ಲ. ಬಾಗಿಲು ತಳ್ಳಿದ್ರೆ ಅವಳ ಹಾಸಿಗೆ ಮೇಲೆ ಇವರು, ಬಾಯಿ ಬಿಟ್ಕೊಂಡು ಗೊರಕೆ ಹೊಡೀತಾ. ಅವಳು ಕೂಗಲಿಲ್ಲ, ಎಬ್ಬಿಸಲಿಲ್ಲ. ಫೋಟೋ ತೆಗೆದು ಹೋಗಿದ್ದಾಳೆ. ಒಂದು ನಕ್ಷತ್ರ ಕೊಟ್ಟು ಬರೆದಿದ್ದಾಳೆ: "ನನಗೆ ನಿದ್ದೆಯಿಲ್ಲ. ಇವರಿಗೆ ನನ್ನ ಹಾಸಿಗೆ."

ಶೋರೂಮ್ ಹುಡುಗರು ಅದನ್ನ ದೊಡ್ಡದು ಮಾಡಿ ನೋಡಿ ನಗ್ತಿದ್ರು. ಇವರು ಬಾಗಿಲಲ್ಲೇ ನಿಂತಿದ್ರು, ಕೇಳಿಸ್ಕೊಂಡ್ರು. ಅವತ್ತಿಂದ ಮಲಗಿಲ್ಲ. ಅಂಗಡೀಲೂ ಇಲ್ಲ, ಮನೇಲೂ ಸರಿಯಾಗಿಲ್ಲ. ಕಣ್ಣು ಮುಚ್ಚಿದ್ರೆ ಯಾರೋ ನೋಡ್ತಾರೆ ಅನ್ಸುತ್ತಂತೆ. ಹಾಸಿಗೆಗಳು ಹಾಗೇ ಗೋಡೆಗೆ ಒರಗಿವೆ. ಮಲಗಿ ನೋಡದೆ ಕೊಡಲ್ಲ ಅಂತಾರೆ, ಮಲಗು ಅಂದ್ರೆ ಮಲಗಲ್ಲ.

ಶೋರೂಮಿನವರಿಗೆ ಬರ್ತೀನಿ ಅಂತ ಹೇಳಿಬಿಡಲಾ ಅಂತ ಯೋಚಿಸ್ತಿದ್ದೀನಿ.

ಅತ್ತೆ


ಅದೇ ದಿನ

ಅತ್ತೆ ಅತ್ತೆ ಅತ್ತೆ. ಇನ್ನೊಂದು ವಾರ ಏನೂ ಹೇಳಬೇಡ ಅವರಿಗೆ. ಬಸ್ ನಿಲ್ದಾಣದಿಂದಲೇ ಮಾತಾಡ್ತಾ ಇದ್ದೀನಿ.

ಆ ಫೋಟೋ ನೋಡಿದೆ. ಮಾವನ ಚಪ್ಪಲಿ ಕೆಳಗೆ ಜೋಡಿಸಿಟ್ಟಿರೋದೂ ಕಾಣ್ಸುತ್ತೆ, ಒಗೆದ ಬಟ್ಟೆಯ ಮಡಿಕೆನೂ ಕಾಣ್ಸುತ್ತೆ. ಎಷ್ಟು ನೆಮ್ಮದಿಯಾಗಿ ಮಲಗಿದ್ದಾರೆ. ನನಗೆ ಅಳು ಬಂತು.

ಮ್ಯಾನೇಜರಿಗೆ ಹೇಳಿದೆ. "ಇಷ್ಟೇನಾ" ಅಂದ. ನೂರು ಜನ ಐದು ನಕ್ಷತ್ರ ಹಾಕ್ತಾರಂತೆ, ಅಂಥ ಖಾತೆಗಳು ನಮ್ಮ ಹತ್ತಿರ ಇವೆ. ನನಗೆ ಪುಕ್ಕಟೆ ಮಾಡಿಕೊಡ್ತಾನಂತೆ. ಅವಳ ಮಾತು ಕೆಳಗೆ ಕೆಳಗೆ ಹೋಗಿ ಯಾರ ಕಣ್ಣಿಗೂ ಬೀಳಲ್ಲ. ನಾನು ಒಂದಿಷ್ಟು ಬರೆದೂ ಇಟ್ಟಿದ್ದೀನಿ. "ತವರಿಗೆ ಬಂದು ಮಲಗಿದ ಹಾಗಿತ್ತು." "ವರ್ಷಗಳಾದ ಮೇಲೆ ಕನಸು ಬಿತ್ತು." ಚೆನ್ನಾಗಿವೆ ಅತ್ತೆ, ಇಲ್ಲಿ ಬಂದಮೇಲೆ ನಾನು ಬರೆದಿದ್ರಲ್ಲಿ ಇವೇ ಚೆನ್ನಾಗಿವೆ. ಹೂಂ ಅನ್ನು ಸಾಕು, ಕಳಿಸ್ತೀನಿ.

ಗೂಬೆ


ಜೂನ್ ೪

ಗೂಬೆ,

ನಿನ್ನ ಕಾಗದ ಇವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಆ ನೂರು ಜನ ಎಲ್ಲಿ ಮಲಗಿದ್ರು?" ಅಂದ್ರು.

ಎಲ್ಲೂ ಮಲಗಿಲ್ಲ, ನಮ್ಮ ಗೂಬೆಯೇ ಬರೆದಿದ್ದು ಅಂದೆ.

"ಮಲಗಿ ನೋಡದೇನೇ ಚೆನ್ನಾಗಿದೆ ಅಂದುಬಿಟ್ರಾ," ಅಂದು ಎದ್ದು ಹೋದ್ರು.

ನಾನು ಹೂಂ ಅನ್ನಲ್ಲ ಕಣೇ. ಆ ಹುಡುಗಿ ಬರೆದಿದ್ರಲ್ಲಿ ಸುಳ್ಳು ಯಾವುದು ಹೇಳು. ನಿದ್ದೆಗೆಟ್ಟು ಬಂದಿದ್ಲು, ನಿಜ. ಇವರು ಮಲಗಿದ್ರು, ನಿಜ. ತೆರೆದಿದೆ ಅಂತ ಹಾಕಿದ್ದೊಂದೇ ಸುಳ್ಳು, ಅದು ನಮ್ಮನೇದು. ಅದನ್ನ ಮೊದಲು ತೆಗಿ.

ಒಂದು ವಾರ ಅಂದ್ಯಲ್ಲ, ಕಾಯ್ತೀನಿ. ಊಟ ಮಾಡ್ತಿದ್ದೀಯಾ?

ಅತ್ತೆ


ಜೂನ್ ೫

ಅತ್ತೆ,

ತೆಗೆದೆ. ಬರೆದಿಟ್ಟಿದ್ದೆಲ್ಲ ಅಳಿಸಿದೆ. ಬೇಡ ಅಂತ ಮ್ಯಾನೇಜರಿಗೆ ಹೇಳಿದೆ, ಬೇರೆಯವರಿಗೂ ಅಂಥದ್ದು ಬರೆಯಲ್ಲ ಅಂತಾನೂ ಬಾಯಿ ತಪ್ಪಿ ಬಂದುಬಿಡ್ತು. ನಯವಾಗಿ ನಕ್ಕ. ನಾಳೆಯಿಂದ ನಾನು ಫೋನ್ ಎತ್ತೋ ಮೇಜಲ್ಲಿ ಕೂರಬೇಕಂತೆ.

ಈಗ ನಿಮ್ಮ ಪುಟ ಹೀಗಿದೆ. ಒಂಬತ್ತರಿಂದ ಎರಡು, ನಾಲ್ಕರಿಂದ ಎಂಟು. ನಡುವೆ ಮುಚ್ಚಿದೆ. ಯಾಕೆ ಮುಚ್ಚಿದೆ ಅಂತಾನೂ ಒಂದು ಸಾಲು ಹಾಕಿದ್ದೀನಿ: "ಎರಡರಿಂದ ನಾಲ್ಕರವರೆಗೆ ಮಲಗಿರುತ್ತೇವೆ."

ಆ ನರ್ಸಿಗೆ ಈ ಉತ್ತರ ಬರೆದಿದ್ದೀನಿ. ಮಾವನಿಗೆ ನಿಧಾನವಾಗಿ ಓದಿ ಹೇಳು. ಅವರು ಒಪ್ಪಿದ್ರೆ ಮಾತ್ರ ಹಾಕ್ತೀನಿ.

"ನೀವು ಬರೆದದ್ದು ನಿಜ. ತೆರೆದಿದೆ ಎಂದು ತಪ್ಪಾಗಿ ಹಾಕಿದ್ದು ನಾವು. ನಿದ್ದೆಗೆಟ್ಟು ಬಂದವರನ್ನು ಹಾಗೆಯೇ ಹಿಂದೆ ಕಳಿಸಿದ್ದಕ್ಕೆ ಕ್ಷಮಿಸಿ. ಹೊಸದಾಗಿ ತುಂಬಿದ ಪ್ರತಿ ಹಾಸಿಗೆಯ ಮೇಲೆ ಒಗೆದ ಬಟ್ಟೆ ಹಾಸಿ, ಒಂದು ಮಧ್ಯಾಹ್ನ ಮಲಗಿ ನೋಡಿಯೇ ಕೊಡುವುದು ನಮ್ಮ ಪದ್ಧತಿ. ಇದನ್ನು ನಿಮಗೆ ಮೊದಲೇ ಹೇಳಿ, ಕೇಳಬೇಕಿತ್ತು. ಇನ್ನು ಮುಂದೆ ಬೇಡ ಎಂದವರ ಹಾಸಿಗೆಯ ಮೇಲೆ ಮಲಗುವುದಿಲ್ಲ. ನಿಮ್ಮ ಹಾಸಿಗೆಯನ್ನು ನೀವೇ ಬಂದು ಮಲಗಿ ನೋಡಬಹುದು."

ಮಲಗೋದು ಬಿಟ್ರೆ ಮಾವ ಮಾವ ಆಗಿರಲ್ಲ ಅತ್ತೆ. ಅದನ್ನ ಹೇಗೆ ಸರಿ ಮಾಡೋದು ಅಂತ ಯಾವ ಪುಟದಲ್ಲೂ ಸಿಗಲಿಲ್ಲ. ಹುಡುಕಿದೆ.

ಗೂಬೆ


ಜೂನ್ ೭

ಹಾಕು ಅಂದ್ರು. "ಒಗೆದ ಬಟ್ಟೆ" ಅಂದಿದ್ದನ್ನ ಎರಡು ಸಲ ಓದಿಸ್ಕೊಂಡ್ರು. ಶೋರೂಮಿನವರಿಗೆ ಈಗಲೇ ಏನೂ ಹೇಳಲ್ಲ, ಮಳೆ ಕಳೀಲಿ.

ಅತ್ತೆ


ಆಗಸ್ಟ್ ೨೩

ಗೂಬೆ,

ಎಲ್ಲಿ ಹಾಳಾಗಿ ಹೋದೆ? ಇಷ್ಟು ದಿನ ಒಂದು ಅಕ್ಷರ ಇಲ್ಲ. ಇಲ್ಲೂ ಹೇಳೋಕೆ ಏನೂ ಇರಲಿಲ್ಲ. ಈಗ ಇದೆ.

ನರ್ಸ್ ಬಂದಿದ್ಲು. ಸರಿಯಾಗಿ ಎರಡಕ್ಕೆ, ನಾನು ಬಾಗಿಲು ಎಳೀತಿದ್ದಾಗ. ಸಣ್ಣ ಹುಡುಗಿ ಕಣೇ, ನಿನ್ನ ವಯಸ್ಸು. ಕಣ್ಣ ಕೆಳಗೆ ಇಷ್ಟಿಷ್ಟು ಕಪ್ಪು. "ಮಲಗಿ ನೋಡಬಹುದು ಅಂತ ಬರೆದಿದ್ರಿ," ಅಂದ್ಲು, ಜಗಳಕ್ಕೆ ಬಂದೋಳ ಹಾಗೆ. ಗೋಡೆಗೆ ಒರಗಿದ್ದ ಅವಳ ಹಾಸಿಗೆ ಇಳಿಸಿ, ನಾನು ಒಗೆದ ಬಟ್ಟೆ ಹಾಸಿದೆ. ಚೀಲ ಕೆಳಗಿಡದೇನೇ ಕೂತಳು. ಆಮೇಲೆ ಚೀಲ ಇಟ್ಟಳು. ಆಮೇಲೆ ನೋಡ್ತೀನಿ, ನಿದ್ದೆ ಹೋಗೇಬಿಟ್ಟಿದ್ದಾಳೆ.

ಇವರು ಬಾಗಿಲ ಗಂಟೆಗೆ ಬಟ್ಟೆ ಸುತ್ತಿ ಬಂದ್ರು. ಹಿಂಜೋದು ನಿಲ್ಲಿಸಿದ್ರು. ನಾನು ಹೊಲಿಗೆ ಯಂತ್ರ ಮುಟ್ಟಲಿಲ್ಲ, ಕೈಯಲ್ಲೇ ಹೊಲಿದೆ. ಬೆಳಿಗ್ಗೆ ಹಿಂಜಿದ್ದ ಹತ್ತಿ ಇನ್ನೂ ಗಾಳೀಲಿತ್ತು, ಒಂದೊಂದೇ ಎಳೆ ಇಳಿದು ಅವಳ ಕೂದಲ ಮೇಲೆ ಕೂರ್ತಾ ಇತ್ತು. ನಾಲ್ಕಾಯ್ತು, ಬಾಗಿಲು ತೆಗೀಲಿಲ್ಲ. ಯಾರೋ ಬಂದು ತಟ್ಟಿದ್ರು. ಇವರು ಸಂದೀಲಿ ಮುಖ ತೂರಿಸಿ ಪಿಸುಮಾತಲ್ಲಿ, "ಮಲಗಿದ್ದಾರೆ" ಅಂದ್ರು. ಬಂದೋರೂ ಪಿಸುಮಾತಲ್ಲೇ "ಸರಿ ಸರಿ" ಅಂದು ಮೆಟ್ಟಿಲ ಮೇಲೆ ಕೂತ್ಕೊಂಡ್ರು. ದೀಪ ಹಚ್ಚೋ ಹೊತ್ತಿಗೆ ಎದ್ದಳು. ಎಲ್ಲಿದ್ದೀನಿ ಅಂತ ಗೊತ್ತಾಗ್ದೆ ಒಂದು ಗಳಿಗೆ ಇವರ ಮುಖ ನೋಡಿದ್ಲು.

ಇವರು ಹತ್ತಿರ ಹೋಗಿ ಒಂದೇ ಮಾತು ಕೇಳಿದ್ರು. "ಎಲ್ಲಿ ಗಂಟು?"

"ಎಡಗಡೆ, ಭುಜದ ಕೆಳಗೆ," ಅಂದ್ಲು.

ಇವರ ಮುಖ ನೀನು ನೋಡಬೇಕಿತ್ತು. ಪರೀಕ್ಷೇಲಿ ಮಗು ಪಾಸಾದ ಹಾಗೆ ನನ್ನ ಕಡೆ ತಿರುಗಿ, "ಇತ್ತು ನೋಡು! ಅವತ್ತು ಇವಳು ಬಂದಾಗ ನಾನು ಎದ್ದಿದ್ರೆ ಇದನ್ನೇ ಹೇಳ್ತಿದ್ದೆ," ಅಂದ್ರು. ಅಲ್ಲೇ ಬಿಚ್ಚಿ ಗಂಟು ಬಿಡಿಸಿ ಕೊಟ್ರು.

ಅವಳು ಅದನ್ನ ಅಳಿಸಿಲ್ಲ. ಅಳಿಸು ಅಂತ ನಾನು ಕೇಳಲಿಲ್ಲ, ನೀನೂ ಕೇಳಬೇಡ. ಕೆಳಗೆ ಒಂದು ಸಾಲು ಸೇರಿಸಿ ನಕ್ಷತ್ರ ಮೂರು ಮಾಡಿದ್ದಾಳೆ. "ಗೊರಕೆ ನಿಜ. ಆದರೆ ನಾನೂ ಅಲ್ಲಿ ಮಲಗಿ ನೋಡಿದೆ."

ಈಗ ಬರೋರೆಲ್ಲ, ಮಲಗಿ ನೋಡೋ ಅಂಗಡಿ ಇದೇನಾ ಅಂತಾನೇ ಕೇಳ್ತಾರೆ. ಕೆಲವರು ತಾವೇ ಮಲಗ್ತಾರೆ. ಕೆಲವರು ಇವರೇ ಮಲಗ್ಲಿ ಅಂತಾರೆ. ಇವರು ಇನ್ನೂ ಮಲಗಿಲ್ಲ, ನನ್ನನ್ನ ಮಲಗಿಸ್ತಾರೆ. ನನಗೆ ಮಧ್ಯಾಹ್ನ ನಿದ್ದೆ ಬರಲ್ಲ, ಸುಮ್ಮನೆ ಸೂರು ನೋಡ್ಕೊಂಡು ಗಂಟು ಹುಡುಕ್ತೀನಿ.

ನಿನಗೊಂದು ದಿಂಬು ತುಂಬಿಟ್ಟಿದ್ದಾರೆ. ಕಳಿಸೋಣ ಅಂದ್ರೆ, "ಮಲಗಿ ನೋಡದೆ ಹೇಗೆ ಕಳಿಸೋದು," ಅಂತ ಕಪಾಟಿನ ಮೇಲಿಟ್ಟಿದ್ದಾರೆ. ದಿನಾ ಎರಡು ಗಂಟೆಗೆ ಅದರ ಕಡೆ ನೋಡ್ತಾರೆ, ಆಚೆ ತಿರುಗ್ತಾರೆ.

ಕಾಗದ ಬರಿ. ಬೈಯೋದಿದ್ರೂ ಬರಿ.

ಅತ್ತೆ


ಅಕ್ಟೋಬರ್ ೧೭

ಮೂರು ಸಲ ಬಂದು ವಾಪಸ್ ಹೋಗಿದ್ದಾನೆ ಅತ್ತೆ ಆ ಪಾರ್ಸೆಲ್‌ನವನು, ಮೂರು ಸಲವೂ ನಾನು ಮನೇಲಿದ್ದಾಗಲೇ "ಮನೇಲಿ ಯಾರೂ ಇಲ್ಲ" ಅಂತ ಚೀಟಿ ಅಂಟಿಸಿ ಹೋಗಿದ್ದಾನೆ. ಕೊನೆಗೆ ನಾನೇ ಹೋಗಿ ತಂದೆ. ಬಸ್ಸಲ್ಲಿ ಮಡಿಲಲ್ಲಿಟ್ಕೊಂಡು ಕೂತಿದ್ದೆ, ಪಕ್ಕದ ಅಜ್ಜಿ ಮಗು ಅಂದ್ಕೊಂಡು ಇಣುಕಿ ನೋಡಿದ್ಲು.

ಬರೀದೆ ಇದ್ದಿದ್ದು ಯಾಕೆ ಅಂತ ಕೇಳಬೇಡ. ಆ ಕೆಲಸ ಬಿಟ್ಟೆ. ಕೆಳಗಡೆ ಬೀಗ ರಿಪೇರಿ ಮಾಡೋನಿಗೆ ಈಗ ಪುಟ ಬರೆದುಕೊಡ್ತಿದ್ದೀನಿ. ಮೊದಲ ದಿನವೇ ಕೇಳಿದೆ, "ನಿಮ್ಮ ಹತ್ತಿರ ಬಂದೋರು ಬಾಗಿಲಲ್ಲಿ ನಿಂತು ಮೊದಲು ಏನಂತಾರೆ?" ಅವನು ಕೈಲಿದ್ದ ಬೀಗ ಕೆಳಗಿಟ್ಟು, "ಮೊದಲು ನಗ್ತಾರೆ, ನಾಚಿಕೆಗೆ" ಅಂದ. ಅಲ್ಲಿಂದಲೇ ಶುರು ಮಾಡಿದ್ದೀನಿ. ಅವನ ಕಡೆಯಿಂದ ಇನ್ನಿಬ್ಬರು ಬಂದಿದ್ದಾರೆ. ಹೊಟ್ಟೆಪಾಡು ನಡೆಯುತ್ತೆ, ಚಿಂತೆ ಬೇಡ.

ನಿಮ್ಮ ಪುಟಕ್ಕೆ ಜನ ಏನು ಹುಡುಕಿ ಬರ್ತಾರೆ ಅಂತ ನಿನ್ನೆ ನೋಡಿದೆ. ಯಾರೋ ಬರೆದಿದ್ದಾರೆ, "ಅಂಗಡಿಯವರೇ ಮಲಗಿ ನೋಡಿ ಕೊಡುವ ಹಾಸಿಗೆ." ಅದನ್ನ ನಾನು ಎಲ್ಲೂ ಹಾಗೆ ಬರೆದಿರಲಿಲ್ಲ. ಅವರಷ್ಟಕ್ಕೇ ಕೇಳ್ತಿದ್ದಾರೆ. ಚಳಿಗೆ ಮುಂಚೆಯೇ ಗೋಡೆ ತುಂಬ ಹಾಸಿಗೆ ಅಂತ ಫೋಟೋ ಕಳಿಸಿದ್ಯಲ್ಲ, ಶೋರೂಮಿನವರಿಗೆ ಬರಲ್ಲ ಅಂದುಬಿಟ್ಟೆ ಅಂದ್ಯಲ್ಲ, ಅದನ್ನ ನಾಲ್ಕು ಸಲ ಓದಿದೆ. ಮಾವ ಮತ್ತೆ ಮಲಗಿದ್ರಾ ಅಂತ ಮಾತ್ರ ಅದರಲ್ಲಿ ನೀನು ಒಂದಕ್ಷರ ಬರೆದಿರಲಿಲ್ಲ. ಕೇಳೋಕೆ ಭಯ ಆಯ್ತು, ಕೇಳಲಿಲ್ಲ.

ಈಗ ದಿಂಬು ಬಿಚ್ಚಿದೆ. ಬಿಸಿಲಿನ ವಾಸನೆ. ಒಗೆದ ಬಟ್ಟೇಲೇ ಸುತ್ತಿದ್ದೀಯ. ಮಧ್ಯದಲ್ಲಿ ಒಂದು ತಗ್ಗಿದೆ ಅತ್ತೆ. ಪಾರ್ಸೆಲ್ ಒತ್ತಿ ಆಗಿದ್ದಲ್ಲ, ನಾನು ಹತ್ತಿ ಮೂಟೆ ಮೇಲೆ ಬೆಳೆದೋಳು, ನನಗೆ ಗೊತ್ತಾಗುತ್ತೆ. ಸ್ವಲ್ಪ ಎಡಕ್ಕೆ ವಾಲಿರೋ ತಗ್ಗು, ಆ ಫೋಟೋದಲ್ಲಿ ಮಾವ ಮಲಗಿದ್ದ ಹಾಗೇ. ಅದರ ಅಂಚಲ್ಲಿ ಒಂದು ಬಿಳಿ ಕೂದಲು. ನಾನು ದಿಂಬು ಕೊಡವಿಲ್ಲ. ಹಾಗೇ ಆ ತಗ್ಗಲ್ಲಿ ತಲೆ ಇಟ್ಟಿದ್ದೀನಿ.

ಮೇಲಿನವನು ಕುರ್ಚಿ ಎಳೀತಿದ್ದಾನೆ. ಎಳ್ಕೊಳ್ಳಲಿ. ದೂರದಿಂದ ಕೇಳಿದ್ರೆ ಮಾವ ಹಿಂಜಿದ ಹಾಗೇ ಇದೆ. ಏನೇನೋ ಹೇಳಬೇಕಿತ್ತು... ನಾಲಿಗೆ ಭಾರ ಆಗ್ತಿದೆ... ಗಂಟು ಎಲ್ಲೂ ಇಲ್ಲ ಅಂತ ಮಾವನಿಗೆ ಹೇಳು. ಇಲ್ಲ, ಬೇಡ, ನಾನೇ ಹೇಳ್ತೀನಿ. ನಾಳೆ ರಜ. ನಿದ್ದೆ ಮುಗಿಸಿ ಎದ್ದು ಅವರು ಮುಖ ತೊಳ್ಕೊಳ್ಳಲಿ, ಅಲ್ಲೀವರೆಗೂ ಎಬ್ಬಿಸಬೇಡ.

ನಿನ್ನ ಗೂಬೆ

ನಾಳೆ ನಿಮ್ಮ ಗಡಿಯಾರದಲ್ಲಿ ನಾಲ್ಕೂಕಾಲಿಗೆ ಫೋನ್ ಮಾಡು.